ಬಿಂದಿಗೆಗೂ ಬಹುವಚನ

ಅಮ್ಮಿಣಿಯಕ್ಕನ ಬಾಯಲ್ಲಿ ಬಿಂದಿಗೆಗೂ ಬಹುವಚನ. ಬಿಂದಿಗೆ ಬಾವಿಗೆ "ಬಿದ್ರು", ಕರು ಹಗ್ಗ ಕಿತ್ತುಕೊಂಡು "ವೋದ್ರು", ಮಳೆ "ಬಂದ್ರು", ಕೋಟೆ ಬಸ್ಸೂ ಅರ್ಧ ಗಂಟೆ ತಡವಾಗಿ "ಬಂದ್ರು". ಒಮ್ಮೆ ಅಂತರಸಂತೆಯ ಸಂತೆಯಲ್ಲಿ ಬದನೆಕಾಯಿ ಮುರಿದು ನೋಡಿ, "ಒಳಗೆ ಉಳ ಅವ್ರೆ ಕಣಪ್ಪ" ಎಂದರು. ತರಕಾರಿಯವನು ಬಿಡುತ್ತಾನೆಯೇ? "ಅಂಗಾರೆ ಕುಂತ್ಕೊಳಕೆ ಯೋಳಕ್ಕ, ಕಾಪಿ ತರ್ಸನ" ಅಂದ. ಸುತ್ತ ನಿಂತವರೆಲ್ಲ ನಕ್ಕರು. ಅಕ್ಕನೂ ನಕ್ಕರು. ಚೀಲ ಹಿಡಿದು ಪಕ್ಕದಲ್ಲಿ ನಿಂತಿದ್ದ ನನಗೆ ಮಾತ್ರ ನಗು ಬರಲಿಲ್ಲ. ಆ ಬಹುವಚನ ಎಲ್ಲಿಂದ ಬಂತು ಎಂದು ನನಗೆ ಗೊತ್ತಿತ್ತು.

ಮಿಕ್ಕಂತೆ ಅವರ ಮಾತಿನಲ್ಲಿ ಒಂದು ಕೂದಲೆಳೆಯಷ್ಟೂ ಕೇರಳ ಉಳಿದಿರಲಿಲ್ಲ. ನಮ್ಮವರ ಹಾಗೆಯೇ ‘ಹ’ಕಾರವನ್ನು ನುಂಗುತ್ತಿದ್ದರು, ನಮ್ಮವರ ಹಾಗೆಯೇ ಮಾತಿಗೊಂದು ‘ಕಣ’ ಹಾಕುತ್ತಿದ್ದರು. ರೇಗಿದರೆ "ಅತ್ಲಾಗೆ ಬುಡು" ಎನ್ನುವಾಗ ನನ್ನ ಅವ್ವನೇ ಬೈದಂತೆ ಕೇಳುತ್ತಿತ್ತು. ಮೈಸೂರಿನಿಂದ ಏನನ್ನೋ ಬರೆದುಕೊಳ್ಳಲು ಬಂದಿದ್ದ ಹುಡುಗಿಯೊಬ್ಬಳು ಅವರನ್ನು ಕೇಳದೆಯೇ ಮಾತೃಭಾಷೆ ಕನ್ನಡ ಎಂದು ಬರೆದುಕೊಂಡು ಹೋದಳು. ಅಕ್ಕ ತಿದ್ದಲಿಲ್ಲ. ಅವತ್ತು ಸಂಜೆಯವರೆಗೂ ಅವರ ಮುಖ ಅರಳಿಯೇ ಇತ್ತು.

ಅವರು ಮಾನಂದವಾಡಿಯ ಕಡೆಯವರು. ಗಂಡ ರಾಘವೇಟ್ಟ ಶುಂಠಿ ಹಾಕಲು ನಮ್ಮ ಎರಡೆಕರೆಯನ್ನು ಗುತ್ತಿಗೆಗೆ ಹಿಡಿದು, ಬಾವಿಯ ಹತ್ತಿರ ಶೆಡ್ಡು ಕಟ್ಟಿಕೊಂಡು, ಮದುವೆಯಾದ ವರ್ಷವೇ ಹೆಂಡತಿಯನ್ನು ಕರೆತಂದಿದ್ದರು. ರಾಘವೇಟ್ಟನಿಗೆ ಸಂತೆಯ ಕನ್ನಡ ಚೆನ್ನಾಗಿ ಬರುತ್ತಿತ್ತು. ಅಕ್ಕನಿಗೆ ಪದಗಳು ಬೇಗ ಬಂದವು, ಪದದ ಬಾಲ ಬರಲಿಲ್ಲ. ಮಲಯಾಳದಲ್ಲಿ ಯಾರು ಬಂದರೂ ಒಂದೇ ‘ವನ್ನು’. ನಾನೂ ವನ್ನು, ನೀನೂ ವನ್ನು, ಯಜಮಾನರೂ ವನ್ನು, ಎಮ್ಮೆಯೂ ವನ್ನು. ಅದೇ ಲೆಕ್ಕದಲ್ಲಿ ಅವರು ಕನ್ನಡದಲ್ಲೂ ಎಲ್ಲರಿಗೂ ‘ಬಂತು’ ಎನ್ನುತ್ತಿದ್ದರು. "ನಿಮ್ಮವ್ವ ಬಂತು" ಎಂದಾಗ ನನ್ನ ಅವ್ವ ಸೊಂಟದ ಮೇಲೆ ಕೈಯಿಟ್ಟು, "ನಾನೇನು ಎಮ್ಮೆಯಾ?" ಎಂದು ಕೇಳುತ್ತಿದ್ದಳು. ನಾನು ಅದನ್ನೇ ಆಡಿಕೊಂಡು ಊರೆಲ್ಲ ನಗಿಸುತ್ತಿದ್ದೆ. ಆಗ ನನಗೆ ಇಪ್ಪತ್ತೆರಡು. ಇನ್ನೊಬ್ಬರ ನಾಲಿಗೆ ತೊಡರಿದರೆ ನನಗೆ ಹಬ್ಬ.

ನೀರು ಸೇದುವುದೂ ಅಕ್ಕನಿಗೆ ಒಗ್ಗಿರಲಿಲ್ಲ. ವಾರಕ್ಕೊಮ್ಮೆ ಬಿಂದಿಗೆ ಕೈಜಾರಿ ಬಾವಿಗೆ ಬೀಳುತ್ತಿತ್ತು. ಅವರು ನಮ್ಮ ಮನೆಗೆ ಓಡಿ ಬಂದು, ಮನೆಗೆ ಬೆಂಕಿ ಬಿದ್ದವರ ಹಾಗೆ "ಬಿತ್ತು, ಬಾವಿಗೆ ಬಿತ್ತು" ಎಂದು ಕೂಗುತ್ತಿದ್ದರು. ನಾನು ಪಾತಾಳಗರಡಿ ತೆಗೆದುಕೊಂಡು ಹೋಗಿ, ಅದರ ಕೊಕ್ಕೆಗಳನ್ನು ನೀರಿಗಿಳಿಸಿ, ಬಿಂದಿಗೆಯನ್ನು ಎತ್ತಿ ಕೊಡುತ್ತಿದ್ದೆ.

ಆವತ್ತು ಮಧ್ಯಾಹ್ನ ಮುದ್ದೆಯ ಮುಂದೆ ಕೂತಿದ್ದೆ. ಅಕ್ಕ ಓಡಿ ಬಂದು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಬಿತ್ತು! ಬಾವಿಗೆ ಬಿತ್ತು! ಬೇಗ!"

"ಬಿದ್ರೆ ಬಿತ್ತು ಬುಡಕ್ಕ, ಎಲ್ಲಿಗೋದದು? ಉಂಡ್ಬುಟ್ಟು ಬತ್ತೀನಿ" ಎಂದೆ.

"ಬೇಗ, ಬೇಗ" ಎಂದು ಇನ್ನೂ ಏನೋ ಮಲಯಾಳದಲ್ಲಿ ಹೇಳಿ ಓಡಿಹೋದರು. ಉಳಿದಿದ್ದ ಅರ್ಧ ಮುದ್ದೆಯನ್ನು ಸಾರಿಗೆ ಅದ್ದಿ ಮುಗಿಸಿದೆ. ಕೈ ತೊಳೆದೆ. ಅಟ್ಟದಿಂದ ಪಾತಾಳಗರಡಿ ಇಳಿಸಿಕೊಂಡು, "ಈ ವಾರದ್ದೂ ಆಯ್ತು ಕಣವ್ವ" ಎಂದು ಅವ್ವನಿಗೆ ಹೇಳಿ ಹೊರಟೆ. ಬಾವಿಯ ಹತ್ತಿರ ಹೋದರೆ ಕಟ್ಟೆಯ ಮೇಲೆ ಬಿಂದಿಗೆ ಇತ್ತು. ಅದರ ಪಕ್ಕದಲ್ಲಿ ರಾಘವೇಟ್ಟನ ಚಪ್ಪಲಿ ಜೋಡಿ.

ಮೋಟರಿನ ಪೈಪಿಗೆ ಕಸ ಸಿಕ್ಕಿಕೊಂಡಿತ್ತು, ಅದನ್ನು ತೆಗೆಯಲು ಇಳಿದವರು ಜಾರಿದ್ದರು. ಹಗ್ಗ ಬೇಕಾದಲ್ಲಿ ನಾನು ಕೊಕ್ಕೆ ಹಿಡಿದು ನಿಂತಿದ್ದೆ. ಮನುಷ್ಯನ ಭಾರ ತಾಳುವ ಹಗ್ಗಕ್ಕಾಗಿ ಮತ್ತೆ ಮನೆಗೆ ಓಡಿದೆ. ತಲೆ ಕಲ್ಲಿಗೆ ಬಡಿದಿದೆ, ಬಿದ್ದ ಕೂಡಲೇ ಜೀವ ಹೋಗಿರಬೇಕು ಎಂದು ಆಮೇಲೆ ಡಾಕ್ಟರು ಹೇಳಿದರು. ‘ಹೋಗಿದೆ’ ಎನ್ನಲಿಲ್ಲ, ‘ಹೋಗಿರಬೇಕು’ ಎಂದರು. ಆ ‘ಬೇಕು’ ಇವತ್ತಿಗೂ ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿದೆ.

ಅಕ್ಕ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ತಮ್ಮ ಬಾಯಿಯನ್ನೇ ಬಡಿದುಕೊಂಡರು. ‘ಬಿದ್ದರು’ ಎಂದಿದ್ದರೆ ಮನುಷ್ಯ ಎಂದು ಗೊತ್ತಾಗುತ್ತಿತ್ತಲ್ಲ ಎಂದು ಯಾರೋ ಅವರ ಮುಂದೆಯೇ ಹೇಳಿಬಿಟ್ಟಿದ್ದರು. ತಿಥಿಗೆ ಬಂದ ತಂಗಿ ಊರಿಗೆ ಕರೆದಳು, ಅಕ್ಕ ಹೋಗಲಿಲ್ಲ. ರಾಘವೇಟ್ಟ ಮಣ್ಣಾದ ಜಾಗ ಬಿಟ್ಟು ಬರುವುದಿಲ್ಲ ಎಂದರು. ಹೊಲಿಗೆ ಮಿಷನ್ ತಂದು ರವಿಕೆ ಹೊಲಿಯಲು ಕೂತರು. ಪೆಡಲ್ ತುಳಿಯುತ್ತಾ, "ನಾನು ಬಂದೆ, ಅವನು ಬಂದ, ಅವಳು ಬಂದಳು, ಅವರು ಬಂದರು" ಎಂದು ಗೊಣಗುವುದು ನಮ್ಮ ಜಗಲಿಗೆ ಕೇಳಿಸುತ್ತಿತ್ತು. ರವಿಕೆಗೆ ಬಂದ ಹೆಂಗಸರನ್ನು ಬಿಡುತ್ತಿರಲಿಲ್ಲ. "ಸುಳ್ ಯೋಳ್ಬೇಡ ಕಣವ್ವ, ನನ್ ಮಾತಲ್ಲಿ ಇನ್ನೂ ಕೇರಳ ಕೇಳ್ತದಾ?" ಎಂದು ಅಳತೆ ಟೇಪು ಹಿಡಿದುಕೊಂಡೇ ಕೇಳುತ್ತಿದ್ದರು. ಕೇಳುತ್ತದೆ ಎಂದರೆ ಎಲ್ಲಿ, ಯಾವ ಪದದಲ್ಲಿ ಎಂದು ಹೇಳಿಸಿಕೊಂಡೇ ಕಳಿಸುತ್ತಿದ್ದರು. ಅಷ್ಟೆಲ್ಲ ಕಲಿತರೂ ಆ ಬಹುವಚನ ಮಾತ್ರ ಹಸು, ಕೋಳಿ, ಕೊಡ, ಕತ್ತರಿಯನ್ನೂ ಬಿಡದೆ ಅಂಟಿಕೊಂಡಿತು.

ಅತ್ತ ಮಲಯಾಳವೂ ಕೈಬಿಡುತ್ತಾ ಬಂತು. "ನಾನು ಪೋನಲ್ಲಿ ಮಾತಾಡುದ್ರೆ ನನ್ ತಂಗಿ ನಗ್ತಾಳೆ ಕಣಪ್ಪ. ಕನ್ನಡದೋರು ಮಲಯಾಳ ಆಡ್ದಂಗೆ ಆಯ್ತದಂತೆ. ಇಲ್ಲೀ ಭಾಷೆ ಪೂರ್ತಿ ಬರ್ನಿಲ್ಲ, ಅಲ್ಲೀ ಭಾಷೆ ವೋದ್ರು" ಎಂದು ಒಂದು ದಿನ ನಕ್ಕರು. ಆ ನಗು ನೋಡಲಾಗದೆ ನಾನು ಎಮ್ಮೆ ಕಟ್ಟುವ ನೆಪ ಹೇಳಿ ಎದ್ದು ಬಂದೆ.

ಹೋದ ಆಷಾಢದಲ್ಲಿ ಅವರಿಗೆ ಜ್ವರ ಬಂದಿತ್ತು. ಗಂಜಿ ತೆಗೆದುಕೊಂಡು ಹೋದೆ. ಹದಿನೆಂಟು ವರ್ಷ ಬಾಯಿಗೆ ಬಾರದ ಮಾತು ಆವತ್ತು ಹೇಗೋ ಬಂತು.

"ಅಕ್ಕ, ಅವತ್ತು ನೀನು ಕೂಗ್ದಾಗ ನಾನು ಉಣ್ತಾ ಕೂತಿದ್ದೆ. ಎದ್ದು ಬರ್ಲಿಲ್ಲ. ಮುದ್ದೆ ಮುಗ್ಸಿ ಬಂದೆ."

ಅಕ್ಕ ಗಂಜಿಯ ಲೋಟವನ್ನು ಕೆಳಗಿಟ್ಟರು. "ನಂಗೊತ್ತು. ನಿನ್ ಬೆರಳು ತೊಳ್ದು ಒದ್ದೆಯಾಗಿದ್ವು."

"ನಿಂದೇನೂ ತಪ್ಪಿಲ್ಲ. ಬಿಂದ್ಗೆಗೆ ಬಿತ್ತು ಅಂತಲೇ ಅನ್ನೋದು, ಅದ್ಕೇ ನಾನೂ..." ಎಂದು ತೊದಲಿದೆ.

"ಅದೂ ಗೊತ್ತು ಕಣಪ್ಪ. ಬಿಂದ್ಗೆಗೆ ಬಿತ್ತು, ಮನ್ಸರ್ಗೆ ಬಿದ್ರು. ಎರಡೇ ವರ್ಸಕ್ಕೆ ಕಲ್ತೆ ನಾನು. ಆದ್ರೂ ಬಿತ್ತು ಅನ್ನಾಕಿಲ್ಲ. ಬಿಂದ್ಗೆಗೆ ಮರ್ವಾದೆ ಜಾಸ್ತಿ ಆದ್ರೆ ಜನ ನಗ್ತರೆ, ಅಷ್ಟೆಯ. ಯಾರೂ ಸಾಯಾಕಿಲ್ಲ."

ಲೋಟ ಎತ್ತಿಕೊಂಡು ಉಳಿದ ಗಂಜಿ ಕುಡಿದರು. "ಉಪ್ಪು ಕಮ್ಮಿ ಅವ್ರೆ" ಎಂದರು. ನಾನು ಅತ್ತುಬಿಟ್ಟೆ.

ನಾಲ್ಕನೆಯ ದಿನ ಬೆಳಿಗ್ಗೆ ಬಾಗಿಲು ತೆರೆಯಲಿಲ್ಲ. ನಾವೇ ತಳ್ಳಿ ಒಳಗೆ ಹೋದೆವು. ಅಕ್ಕನ ಮೈ ತಣ್ಣಗಾಗಿತ್ತು.

ಊರಿಗೆ ಬಂದುಬಿಡು ಎಂದು ಇಷ್ಟು ವರ್ಷವೂ ಅಕ್ಕನನ್ನು ಕರೆಯುತ್ತಲೇ ಇದ್ದ ತಂಗಿಗೆ ತಿಳಿಸಬೇಕಿತ್ತು. ಬೇಕರಿಯ ಹುಸೇನನಿಗೆ ಮಲಯಾಳ ಬರುತ್ತದೆ, ಅವನಿಂದ ಹೇಳಿಸು ಎಂದು ಊರವರು ಹೇಳಿದರು. ನನ್ನ ಮನಸ್ಸು ಒಪ್ಪಲಿಲ್ಲ. ಈ ಒಂದು ಮಾತನ್ನಾದರೂ ನಾನೇ ಹೇಳಬೇಕು ಅನ್ನಿಸಿತು. ಅಕ್ಕ ನಮ್ಮ ಭಾಷೆಯನ್ನು ಹಟ ಹಿಡಿದು ಕಲಿತರು. ಬೇಲಿಯಾಚೆಯೇ ಇದ್ದ ನನಗೆ ಅವರ ಭಾಷೆಯ ಹತ್ತು ಪದ ಬರುವುದಿಲ್ಲ ಎಂದು ಅವರ ಫೋನು ಕೈಗೆ ತೆಗೆದುಕೊಂಡಾಗಲೇ ನನಗೆ ಗೊತ್ತಾಗಿದ್ದು. ಬಾವಿಕಟ್ಟೆಯ ಮೇಲೆ ಕೂತು, ಅವರು ಪೆಡಲ್ ತುಳಿಯುತ್ತಾ ಬಾಯಿಪಾಠ ಮಾಡುತ್ತಿದ್ದಂತೆ, ಗೊತ್ತಿದ್ದ ಎರಡೇ ಪದಗಳನ್ನು ನಾಲ್ಕು ಸಲ ಹೇಳಿಕೊಂಡೆ. ಆಮೇಲೆ ನಂಬರ್ ಒತ್ತಿದೆ.

"ಚೇಚಿ ಪೋಯಿ" ಎಂದೆ. ಅಕ್ಕ ಹೋದರು ಎಂದು.

ಆ ಕಡೆಯಿಂದ ಒಂದು ಚಿಕ್ಕ ನಗು ಕೇಳಿಸಿತು. ನನ್ನ ಮಲಯಾಳಕ್ಕೆ ಇರಬೇಕು. "ಎವಿಡೆ ಪೋಯಿ?" ಎಂದು ಕೇಳಿದಳು. ಎಲ್ಲಿಗೆ ಹೋದಳು ಎಂದು.

ನಾನು ಮತ್ತೆ "ಪೋಯಿ, ಚೇಚಿ ಪೋಯಿ" ಎಂದೆ. ಬೇರೆ ಪದ ನನ್ನ ಹತ್ತಿರ ಇರಲಿಲ್ಲ. ಅವಳ ದನಿ ಅರಳಿತು. ಯಾರನ್ನೋ ಕೂಗಿ ಕರೆದಳು. ಮತ್ತೆ ಫೋನಿಗೆ ಬಾಯಿಟ್ಟು ಗಡಿಬಿಡಿಯಲ್ಲಿ ಏನೇನೋ ಕೇಳಿದಳು. ಅದರಲ್ಲಿ ನನಗೆ ತಿಳಿದದ್ದು ಬಸ್ಸು ಎನ್ನುವ ಒಂದೇ ಪದ.