ನೀಲವ್ವನ ಅಡಿಗೆಮನೆಯಲ್ಲಿ ನಾನು ಮತ್ತು ಸಾವಿ

ಹಾನಗಲ್ಲಿನ ಮೊದಲ ಬೆಳಗಿನಲ್ಲೇ, ಪಕ್ಕದ ಮನೆಯಲ್ಲಿ ಯಾರನ್ನೋ ಹೊಡೆಯುತ್ತಿರುವ ಸದ್ದಿಗೆ ನನಗೆ ಎಚ್ಚರವಾಯಿತು. ಅಂಗೈಯಿಂದ ಬಿಡದೆ ಪಟಪಟನೆ ಹೊಡೆತ, ಅಳು ಮಾತ್ರ ಇಲ್ಲ. ಅಳು ಇಲ್ಲದ್ದೇ ನನ್ನನ್ನು ಹೆದರಿಸಿತು. ಹಿಂದಿನ ದಿನ ಬಸ್ಸಿನಲ್ಲಿ ಸೀರೆಯೆಲ್ಲ ಒದ್ದೆ ಮಾಡಿದಳೆಂದು ನನ್ನ ಮಗಳು ಸಾವಿತ್ರಿಗೆ ನಾನೇ ಎರಡು ಬಾರಿಸಿದ್ದೆ. ಅವಳೂ ಅಳಲಿಲ್ಲ, ನನ್ನ ಮುಖವನ್ನೇ ನೋಡುತ್ತ ಕುಳಿತಿದ್ದಳು.

ಕೆದರಿದ ಕೂದಲಲ್ಲೇ ಓಡಿ ಹೋಗಿ ಆ ಮನೆಯ ಬಾಗಿಲಲ್ಲಿ ನಿಂತು, "ಮಗೂನ ಯಾಕ್ರೀ ಹೀಗೆ ಹೊಡೀತೀರಾ?" ಎಂದು ಕೇಳಿಯೂ ಬಿಟ್ಟೆ. ಒಳಗೆ ಒಲೆಯ ಮುಂದೆ ದುಂಡು ಮುಖದ, ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಮರದ ಹಲಗೆಯ ಮೇಲೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಬಳಿ ಕುಳಿತಿದ್ದ ಅವಳ ಅಕ್ಕ ನೀಲವ್ವ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಮ್ಮ ಬಸಕ್ಕ ರೊಟ್ಟಿ ಬಡಿಯಾಕತ್ತಾಳ್ರಿ, ಅಕ್ಕಾರ. ಬರ್ರಿ, ಕುಂದರ್ರಿ."

ರಾಜ್ಯ ಒಂದಾದ ಮಾರನೆಯ ವರ್ಷ ನಮ್ಮವರಿಗೆ ಮಂಡ್ಯದ ಕಚೇರಿಯಿಂದ ಹಾನಗಲ್ಲಿಗೆ ವರ್ಗವಾಗಿತ್ತು. ಸಾವಿಗೆ ಆಗ ಐದು ತುಂಬಿತ್ತು. ನಡೆದದ್ದು ಮೂರರ ಮೇಲೆ. ಮಾತೆಂದರೆ ಎರಡೋ ಮೂರೋ ಶಬ್ದ. ದೊಡ್ಡಾಸ್ಪತ್ರೆಯ ಡಾಕ್ಟರು "ಬುದ್ಧಿ ನಿಧಾನ" ಎಂದರು. ನಿಧಾನ ಎಂದರೆ ಎಷ್ಟು ಎಂದು ಅವರೂ ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಇರಲಿಲ್ಲ. ಇಂಥ ಮಕ್ಕಳನ್ನು ಇಟ್ಟುಕೊಳ್ಳುವ ಆಶ್ರಮವೊಂದನ್ನು ಅತ್ತೆ ವಿಚಾರಿಸಿಟ್ಟಿದ್ದರು. "ನೀವಿಬ್ಬರೂ ಹೋದ ಮೇಲೆ ಇವಳಿಗೆ ಉಣ್ಣಿಸೋರು ಯಾರು?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಊರು ಬಿಡುವ ಮೊದಲು ನಮ್ಮವರು, "ಯುಗಾದಿವರೆಗೂ ನೋಡೋಣ. ತನ್ನ ಕೈಯಿಂದ ತಾನು ಉಣ್ಣೋ ಹಾಗಾದರೆ ನಮ್ಮ ಹತ್ತಿರವೇ ಇರಲಿ. ಇಲ್ಲದಿದ್ದರೆ ಅಮ್ಮ ಹೇಳಿದ ಹಾಗೆ" ಎಂದಿದ್ದರು. ಹೇಳಿದ ಮೇಲೆ ಎರಡು ದಿನ ಅವರೂ ಸರಿಯಾಗಿ ಉಣ್ಣಲಿಲ್ಲ.

ನಮ್ಮ ಕಡೆ ಜನ ಹೊರಗಿನಿಂದ ಕೂಗಿ, ಒಳಗಿನಿಂದ "ಬನ್ನಿ" ಎಂದ ಮೇಲೆ ಬರುತ್ತಾರೆ. ಅಷ್ಟರೊಳಗೆ ಸಾವಿಯನ್ನು ಹಿಂದಿನ ಕೋಣೆಗೆ ಸೇರಿಸುವುದು ನನಗೆ ಅಭ್ಯಾಸವಾಗಿತ್ತು. ಹಾನಗಲ್ಲಿನಲ್ಲಿ ಅದು ನಡೆಯಲಿಲ್ಲ. ಅಲ್ಲಿನ ಹೆಂಗಸರು ಮಾತಾಡುತ್ತಲೇ ನೆಟ್ಟಗೆ ಅಡಿಗೆಮನೆಗೆ ಬರುತ್ತಿದ್ದರು. ನೀಲವ್ವ ಹಾಗೆ ಬಂದ ದಿನ ನಾನು ಅನ್ನವನ್ನು ನುಣ್ಣಗೆ ಹಿಸುಕಿ ಸಾವಿಯ ಬಾಯಿಗಿಡುತ್ತಿದ್ದೆ. ಮುದ್ದೆ ನುಂಗುವುದು ಅವಳಿಗೆ ಬರುತ್ತಿರಲಿಲ್ಲ, ಹಾಗಾಗಿ ಹುಟ್ಟಿದಾರಭ್ಯ ಅವಳದ್ದು ಇದೇ ಊಟ.

"ಅಕಿಗೆ ಕೈ ಇಲ್ಲೇನ್ರಿ?" ಎಂದಳು ನೀಲವ್ವ.

ಸಿಟ್ಟೂ ಬಂತು, ಅಳುವೂ ಬಂತು. ಯುಗಾದಿಯ ಮಾತು, ಆಶ್ರಮದ ಮಾತು, ಎಲ್ಲ ಅವಳ ಮುಂದೆ ಹೇಳಿಬಿಟ್ಟೆ. ಅವಳು ಸಮಾಧಾನ ಹೇಳಲಿಲ್ಲ. "ನಮ್ಮ ಬಸಕ್ಕನೂ ಹಿಂಗ ಇದ್ಲರಿ. ಅವ್ವ ಸತ್ತಾಗ ಅಕಿಗೆ ಒಂಬತ್ತು. ನನ್ನ ಲಗ್ನ ಆದ ಮ್ಯಾಲೆ ತವರೂರು ಆಡೂರಿಂದ ನನ್ನ ಹಿಂದ ಕರಕೊಂಡ ಬಂದೆ. ನಾಳಿಂದ ಕೂಸಿನ ಕರಕೊಂಡ ನಮ್ಮನಿಗೆ ಬರ್ರಿ. ಮೊದಲ ನೀವು ರೊಟ್ಟಿ ಕಲೀರಿ, ಆಮ್ಯಾಲ ಅಕಿಗೆ ಕಲಸೂಣು."

ಮಗಳ ದಾರಿ ಕೇಳಿದರೆ ನನಗೆ ಅಡಿಗೆ ಕಲಿಸುತ್ತಾಳಲ್ಲ ಎಂದು ಒಳಗೊಳಗೇ ಗೊಣಗಿದೆ. ಆದರೂ ಹೋದೆ. ಹಾನಗಲ್ಲಿನ ಸುತ್ತ ಭತ್ತದ ಗದ್ದೆಗಳೇ, ಆದರೂ ರೊಟ್ಟಿ ಇಲ್ಲದ ಊಟವನ್ನು ಅವರು ಊಟವೆನ್ನುವುದಿಲ್ಲ. ಕುದಿಯುವ ನೀರು ಹಾಕಿ ನಾದಿದ ಹಿಟ್ಟು ನನ್ನ ಬೆರಳಿಗೆಲ್ಲ ಮೆತ್ತಿಕೊಳ್ಳುತ್ತಿತ್ತು. ಅಂಗೈ ಅಗಲವಾಗುವುದರೊಳಗೆ ರೊಟ್ಟಿ ಹರಿಯುತ್ತಿತ್ತು. ಬಸಕ್ಕ ಕಿಲಕಿಲ ನಗುತ್ತ ನನ್ನ ಕೈಮೇಲೆ ಕೈಯಿಟ್ಟು ಬಡಿಯಲು ಕಲಿಸುತ್ತಿದ್ದಳು. ಅವಳಿಗೆ ಬರುತ್ತಿದ್ದ ಮಾತು ಹತ್ತು ಹನ್ನೆರಡಿರಬಹುದು. ಅದರಲ್ಲಿ "ಹಗರಕ", ಅಂದರೆ ಮೆಲ್ಲಗೆ, ಎನ್ನುವುದನ್ನು ನನಗಾಗಿಯೇ ಇಟ್ಟುಕೊಂಡಿದ್ದಳು.

ಮೂರನೆಯ ವಾರವೂ ರೊಟ್ಟಿ ಹರಿದಾಗ ಹಿಟ್ಟನ್ನು ಉಂಡೆ ಮಾಡಿ ಗೋಡೆಗೆ ಎಸೆದೆ. ಸಾವಿ ಬೆಚ್ಚಿ ನನ್ನನ್ನು ನೋಡಿದಳು. ನೀಲವ್ವ ಆ ಉಂಡೆಯನ್ನು ಹೆಕ್ಕಿ ಪಕ್ಕಕ್ಕಿಟ್ಟಳು.

"ಇಪ್ಪತ್ತ ದಿನಕ್ಕ ನಿಮಗ ಸಿಟ್ಟ ಬಂತು, ಹಿಟ್ಟ ಒಗದ್ರಿ. ಈ ಕೂಸಿಗೆ ಸಿಟ್ಟ ಬಂದ್ರ ಅದು ಏನ ಒಗೀಬೇಕು, ಹೇಳ್ರಿ." ಒಲೆಗೆ ಕಟ್ಟಿಗೆ ಸರಿಸಿ ಮತ್ತೆ ಹೇಳಿದಳು: "ನಾನೂ ಬಸಕ್ಕಗ ಭಾಳ ಹೊಡದೇನ್ರಿ, ಕಲೀಲಿ ಅಂತ. ಹೊಡ್ಯೂದು ಬಿಡೂತನಕ ಅಕಿ ಏನೂ ಕಲೀಲಿಲ್ಲ."

ನನಗೆ ಬಸ್ಸಿನಲ್ಲಿ ಹೊಡೆದದ್ದು ನೆನಪಾಯಿತು. ಅಂದು ಮನೆಗೆ ಬಂದು ತುಂಬ ಅತ್ತುಬಿಟ್ಟೆ.

ಆಮೇಲೆ ಶುರುವಾಯಿತು ಸಾವಿಯ ಪಾಠ. ಬಿಸಿ ರೊಟ್ಟಿಗೆ ಬೆಣ್ಣೆ ಸವರಿ, ಹಾಲಿನಲ್ಲಿ ಅದ್ದಿ, ತುಂಡನ್ನು ಅವಳ ಬಾಯಿಗಲ್ಲ, ಕೈಗೆ ಕೊಡಬೇಕು. ಮೊದಲು ಅವಳ ಮಣಿಕಟ್ಟು ಹಿಡಿದು ಬಾಯಿಗೊಯ್ಯಿಸಬೇಕು, ಕೆಲವು ದಿನದ ಮೇಲೆ ಮೊಣಕೈ ಮಾತ್ರ ಮುಟ್ಟಬೇಕು, ಆಮೇಲೆ ಸುಮ್ಮನೆ ನೋಡಬೇಕು. ಆ ಕೊನೆಯದೇ ನನಗೆ ಕಷ್ಟ. ನನ್ನ ಕೈ ತಾನೇ ತಾನಾಗಿ ಮುಂದೆ ಹೋಗುತ್ತಿತ್ತು, ಯಾರಾದರೂ ಅವಳನ್ನು ಏನಾದರೂ ಕೇಳಿದರೆ ಉತ್ತರವೂ ನನ್ನ ಬಾಯಿಂದಲೇ ಬರುತ್ತಿತ್ತು. "ಕೈ ಕಟ್ಟಿ ಕುಂದರ್ರಿ. ಅಕಿ ಬದ್ಲಿ ನೀವು ಮಾತಾಡಬ್ಯಾಡ್ರಿ" ಎಂದು ನೀಲವ್ವ ಗದರುತ್ತಿದ್ದಳು. ಸಂಕ್ರಾಂತಿಯ ಹೊತ್ತಿಗೆ ಸಾವಿ ಹಿತ್ತಲಿಗೆ ಹೋಗಬೇಕಾದಾಗ ನನ್ನ ಸೆರಗು ಜಗ್ಗಲು ಕಲಿತಳು. ರೊಟ್ಟಿ ಮಾತ್ರ ಒಂದು ದಿನ ಬಾಯಿಗೆ ಹೋದರೆ ಇನ್ನೊಂದು ದಿನ ನೆಲಕ್ಕೆ ಹೋಗುತ್ತಿತ್ತು.

ಯುಗಾದಿಗೆ ಅತ್ತೆ ಮಂಡ್ಯದಿಂದ ಬಂದರು. ಊಟಕ್ಕೆ ಎಲ್ಲರೂ ಸಾಲಾಗಿ ಕೂತೆವು. ಅನ್ನ, ಸಾರು, ಒಬ್ಬಟ್ಟು ಬಡಿಸಿದ್ದೆ. ಸಾವಿ ಎಲೆ ಮುಟ್ಟಲಿಲ್ಲ. ನಮ್ಮವರು ತಲೆ ತಗ್ಗಿಸಿದರು. ಅತ್ತೆ ನಿಟ್ಟುಸಿರು ಬಿಟ್ಟು ಅನ್ನ ಹಿಸುಕತೊಡಗಿದಾಗ, "ಸ್ವಲ್ಪ ತಾಳಿ, ಅತ್ತೆ" ಎಂದೆ.

ಸಾವಿ ಎದ್ದು ಹೊರಗೆ ನಡೆದೇಬಿಟ್ಟಳು. ಎಲ್ಲ ಮುಗಿಯಿತು ಎಂದುಕೊಂಡೆ. ಆದರೂ ಏಳಲಿಲ್ಲ, ಕೈ ಕಟ್ಟಿಕೊಂಡು ಕುಳಿತೆ. ಸ್ವಲ್ಪ ಹೊತ್ತಿಗೆ ಅವಳು ನೀಲವ್ವನ ಮನೆಯಿಂದ ಒಂದು ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ತನ್ನ ಎಲೆಯ ಮುಂದೆ ಕುಳಿತಳು. ಮುರಿದಳು, ಸಾರಿನಲ್ಲಿ ಅದ್ದಿದಳು, ತಿಂದಳು. ಅರ್ಧ ಸಾರು ಲಂಗದ ಮೇಲೆ ಚೆಲ್ಲಿತು.

"ಒಬ್ಬಳೇ ಹೋಗಿ ತಂದಳಾ?" ಎಂದು ಅತ್ತೆ ಕೇಳಿದರು. ಹೌದೆಂದೆ. ಅವರು ಹಿಸುಕಿದ ಅನ್ನವನ್ನು ತಮ್ಮ ಎಲೆಯ ಅಂಚಿಗೆ ಸರಿಸಿ, ಕಣ್ಣು ತುಂಬಿಕೊಂಡು, "ಸರಿ ಬಿಡು. ಇವಳಿಗೆ ನಮ್ಮ ಕೈ ಬೇಕಾಗಿಲ್ಲ" ಎಂದರು. ಆಶ್ರಮದ ಮಾತು ಮತ್ತೆ ಬರಲಿಲ್ಲ.

ಆರು ವರ್ಷದ ಮೇಲೆ ಮಂಡ್ಯಕ್ಕೇ ವರ್ಗವಾಯಿತು. ನಾನು ಕೇಳಿ ಕೇಳಿ ಪಡೆಯಬೇಕೆಂದಿದ್ದ ವರ್ಗ, ಬಂದಾಗ ಯಾಕೋ ಬೇಡವಾಗಿತ್ತು. ಹೊರಡುವ ದಿನ ಬಸಕ್ಕ ತನ್ನ ರೊಟ್ಟಿ ಹಲಗೆಯನ್ನು ತಂದು ಸಾವಿಯ ತೊಡೆಯ ಮೇಲಿಟ್ಟಳು. ಹಾನಗಲ್ಲಿನಲ್ಲಿ ಕೊನೆಯವರೆಗೂ ನಾನು "ಮೈಸೂರ ಕಡೇ ಅಕ್ಕಾರ" ಆಗಿಯೇ ಉಳಿದೆ. ಮಂಡ್ಯದಲ್ಲಿ ಈಗ ಮಾರ್ಕೆಟ್ಟಿನವರು ನನ್ನ ಮಾತು ಕೇಳಿ, "ಯಾವ ಕಡೆಯವರಮ್ಮ ನೀವು?" ಎನ್ನುತ್ತಾರೆ. ಮುದ್ದೆ ಉಣ್ಣುವಾಗ ರೊಟ್ಟಿ ನೆನಪಾಗುತ್ತದೆ. ಅಲ್ಲಿ ರೊಟ್ಟಿ ತಿನ್ನುವಾಗ ಮುದ್ದೆಗೆ ಬಾಯಿ ಬಿಡುತ್ತಿದ್ದೆ.

ಬಂದ ವಾರದಲ್ಲೇ ಒಂದು ಬೆಳಿಗ್ಗೆ ಪಕ್ಕದ ಮನೆಯಾಕೆ ಕೆದರಿದ ಕೂದಲಲ್ಲಿ ಓಡಿ ಬಂದರು. "ಏನ್ರೀ ಇದು, ಪಾಪ, ಆ ಮಗೂನ ಹಿಂಗೆ ಹೊಡೀತಾ ಇದ್ದೀರಲ್ಲ?" ನಾನು ಉತ್ತರ ಹೇಳಲು ಬಾಯಿ ತೆರೆದೆ. "ಅಕಿ ಬದ್ಲಿ ನೀವು ಮಾತಾಡಬ್ಯಾಡ್ರಿ" ಎಂದು ನೀಲವ್ವ ಗದರುತ್ತಿದ್ದುದು ನೆನಪಾಗಿ ಬಾಗಿಲಿನಿಂದ ಪಕ್ಕಕ್ಕೆ ಸರಿದೆ. ಒಳಗೆ ಸಾವಿ ಬಸಕ್ಕನ ಹಲಗೆಯ ಮೇಲೆ ರೊಟ್ಟಿ ಬಡಿಯುತ್ತಿದ್ದಳು. ಬಂದವರನ್ನು ನೋಡಿ ಕೈ ನಿಲ್ಲಿಸಿ, ತಡೆದು ತಡೆದು ಹೇಳಿದಳು:

"ಬರ್ರಿ. ಕುಂದರ್ರಿ."

ಆಕೆ ನನ್ನ ಮುಖ ನೋಡಿ, "ನಿಮ್ಮ ಮಗಳು ಯಾವೂರವಳು?" ಎಂದು ಕೇಳಿದರು. ಹಾನಗಲ್ಲಿನವಳು ಎಂದೆ.