ತಗ್ಗಿನವ್ವ ಕಟ್ಟಿದ ಬದು

ತಗ್ಗಿನವ್ವನ ಎರಡೂ ಪಾದಗಳು ಗೆಣ್ಣಿನವರೆಗೆ ಬೂದಿ ಬಳಿದ ಹಾಗೆ ಬೆಳ್ಳಗಿದ್ದವು. ಹಿಮ್ಮಡಿಯ ಬಿರುಕುಗಳಲ್ಲಿ ಬೆರಳ ತುದಿ ಇಡಬಹುದಿತ್ತು. ಬೆರಳ ಸಂದಿಯಲ್ಲಿ ಚರ್ಮ ಸುಲಿದು ಕೆಂಪು ಕಾಣುತ್ತಿತ್ತು. ಮದುವೆಯಾದ ಹೊಸತರಲ್ಲಿ ಗದ್ದೆಗೆ ಊಟ ಹೊತ್ತು ಹೋಗುವಾಗ ನಾನು ಮೊದಲು ಕಂಡದ್ದು ಆ ಕಾಲುಗಳನ್ನೇ. ಏನೋ ಕಾಯಿಲೆ ಇರಬೇಕೆಂದು ದೃಷ್ಟಿ ಬೇರೆ ಕಡೆ ಹೊರಳಿಸಿದೆ. ಅವಳಿಗೆ ಗೊತ್ತಾಗಿಬಿಟ್ಟಿತು.

"ರೋಗ ಅಲ್ಲ ಕಣವ್ವ, ಎದರ್ಕಬ್ಯಾಡ. ನಿಮ್ಮ ಮಾವನ ಗದ್ದೆ ನೀರು," ಅಂದು ನಕ್ಕಳು.

ನನ್ನ ತವರು ಸೋಸಲೆ. ತೊಂಬತ್ತರ ದಶಕದ ಮೊದಲಲ್ಲಿ ಈ ಊರಿಗೆ ಸೊಸೆಯಾಗಿ ಬಂದೆ. ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ, ಕಬಿನಿ ನಾಲೆಯ ಕೆಳಗಿನ ಊರು. ನಾಲೆಯಿಂದ ಹಳ್ಳದವರೆಗೆ ಗದ್ದೆ ಬಯಲು ಕಣ್ಣಿಗೆ ಕಾಣದಷ್ಟು ಮೆಲ್ಲಗೆ ಇಳಿಯುತ್ತದೆ. ಮೇಲೆ ಏಳು ಮನೆಯವರ ಗದ್ದೆ, ಎಲ್ಲರೂ ನಮ್ಮ ಹಾಗೆಯೇ ಮಠಕ್ಕೆ ನಡೆದುಕೊಳ್ಳುವ ಲಿಂಗಾಯತರು. ಅವರ ಕೆಳಗೆ ನಮ್ಮ ಮಾವನದು. ನಮ್ಮ ಗದ್ದೆಯ ಕೆಳಗೆ, ಹಳ್ಳಕ್ಕೆ ಅಂಟಿಕೊಂಡಂತೆ, ಸರ್ಕಾರ ಅವಳ ಅಪ್ಪನಿಗೆ ಕೊಟ್ಟಿದ್ದ ಎರಡು ಎಕರೆ. ಗಂಡ ತೀರಿಕೊಂಡ ಮೇಲೆ ಮಗಳ ಜೊತೆ ಅದನ್ನು ಅವಳೇ ಮಾಡುತ್ತಿದ್ದಳು. ಮೇಲಿನ ಬೀದಿಯವರು ಅವಳನ್ನು ‘ತಗ್ಗಿನೋಳು’ ಅನ್ನುತ್ತಿದ್ದರು. ಅವಳ ಕೇರಿಯವರು ‘ತಗ್ಗಿನವ್ವ’ ಅನ್ನುತ್ತಿದ್ದರು. ನಾನು ಮನೆಯವರ ಮುಂದೆ ಮೊದಲನೆಯದನ್ನೂ ಮನಸ್ಸಿನೊಳಗೆ ಎರಡನೆಯದನ್ನೂ ಅನ್ನುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆಯಾದರೂ ನಿಜ ಅದೇ.

ಮೇಲಿನ ಎಂಟು ಮನೆಯ ಗದ್ದೆಗಳಿಂದ ಬಸಿದ ನೀರೆಲ್ಲ ಅವಳ ಗದ್ದೆಗೆ ಬಂದು ನಿಲ್ಲುತ್ತಿತ್ತು. ಬೇಸಗೆಯಲ್ಲಿ ಆ ನೀರು ಆರಿದರೆ ಸೌಳು ಏಳುತ್ತಿತ್ತು. ಯಾರೋ ಸುಣ್ಣ ಚೆಲ್ಲಿ ಹೋದಂತೆ ನೆಲವೆಲ್ಲ ಬಿಳಿ ಬಿಳಿ. ನಾಟಿ ಮಾಡಿದ ಪೈರು ಗೇಣುದ್ದ ಬಂದು ಹಳದಿಯಾಗಿ ಕೂತುಬಿಡುತ್ತಿತ್ತು. ಅವಳು ದಿನಾ ಗದ್ದೆಗೆ ಇಳಿದ ಕೂಡಲೇ ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಗೆ ಹಚ್ಚಿಕೊಂಡು ಉಗಿಯುತ್ತಿದ್ದಳು. "ಇವತ್ತೂ ಉಪ್ಪು" ಅನ್ನುತ್ತಿದ್ದಳು. ಆಮೇಲೆ ಸೆರಗು ಸಿಕ್ಕಿಸಿ ಕೆಲಸಕ್ಕೆ ಬಗ್ಗುತ್ತಿದ್ದಳು.

ಮೊದಲು ಹಾಗಿರಲಿಲ್ಲವಂತೆ. ಬಯಲಿನ ಒಂದು ಅಂಚಿನಲ್ಲಿ ನಾಲೆಯ ಬುಡದಿಂದ ಹಳ್ಳದವರೆಗೆ ಬಸಿಗಾಲುವೆ ಇತ್ತು. ಹೆಚ್ಚಾದ ನೀರು ಅದರೊಳಗೆ ಇಳಿದು ಹಳ್ಳ ಸೇರುತ್ತಿತ್ತು. ವರ್ಷಕ್ಕೊಂದು ಗುದ್ದಲಿ ಅಗಲ ಒತ್ತುತ್ತಾ ಒತ್ತುತ್ತಾ ಎಲ್ಲರೂ ಅದನ್ನು ತಿಂದುಹಾಕಿದ್ದರು. ಎಲ್ಲರಿಗಿಂತ ಹೆಚ್ಚು ತಿಂದವರು ನಮ್ಮ ಮಾವ. ನಮ್ಮ ಗದ್ದೆಯ ಅಂಚಿನಲ್ಲಿ ಕಾಲುವೆ ಇದ್ದ ಗುರುತೂ ಉಳಿದಿರಲಿಲ್ಲ. ಅಲ್ಲಿ ತೆಂಗಿನ ಸಸಿ ನಿಂತಿದ್ದವು.

ಅವಳು ಮೊದಲು ಮನೆಮನೆಗೆ ಹೋಗಿ ಕೇಳಿದಳಂತೆ. ಆಮೇಲೆ ಯಾರ ಕೈಯಲ್ಲೋ ಅರ್ಜಿ ಬರೆಸಿ ಕಚೇರಿಗಳಿಗೆ ಅಲೆದಳು. ಸ್ಕೀಮು ಬರುತ್ತೆ, ಬಂದಾಗ ನೋಡೋಣ ಅಂದರು. "ಅರ್ಜಿಗೆ ಅರ್ಜಿನೇ ಮರಿ ಆಗದು" ಎಂದು ಅದನ್ನೂ ಬಿಟ್ಟಳು.

ಒಂದು ವರ್ಷ, ಭತ್ತ ಕೊಯ್ಲಿಗೆ ಬರುವ ಹೊತ್ತಿಗೆ, ತಗ್ಗಿನವ್ವನೂ ಮಗಳೂ ಕೇರಿಯ ಹೆಂಗಸರೂ ಸೇರಿ ನಮ್ಮ ಗದ್ದೆಗೂ ಅವಳ ಗದ್ದೆಗೂ ನಡುವೆ ಜೇಡಿಮಣ್ಣಿನ ಬದು ಹಾಕತೊಡಗಿದರು. ನಾಲ್ಕು ದಿನದಲ್ಲಿ ಅದು ಸೊಂಟದೆತ್ತರವಾಯಿತು. ಮೇಲಿನ ಬೀದಿಯವರು ನಕ್ಕರು. ಆ ವಾರ ಮಳೆ ಹಿಡಿಯಿತು. ನಾಲೆಯಲ್ಲೂ ನೀರಿತ್ತು. ಬಸಿದು ಬಂದ ನೀರು ಬದುವಿಗೆ ಬಡಿದು ಹಿಂದಕ್ಕೆ ತಿರುಗಿ ನಮ್ಮ ಗದ್ದೆಯಲ್ಲಿ ನಿಂತಿತು. ಕೊಯ್ಲಿಗೆ ಬಂದಿದ್ದ ಭತ್ತ ಮೊಣಕಾಲುದ್ದ ನೀರಿನಲ್ಲಿ ವಾಲತೊಡಗಿತು. ಆಮೇಲೆ ನಮ್ಮ ಮೇಲಿನವರ ಗದ್ದೆಗೂ ನೀರು ಏರಿತು.

ಮಾವ ಇಬ್ಬರು ಆಳುಗಳನ್ನು ಕರೆದುಕೊಂಡು ಹೊರಟರು. ಊಟದ ಕುಕ್ಕೆ ಹೊತ್ತು ನಾನೂ ಹಿಂದೆ ಹೋದೆ. ತಗ್ಗಿನವ್ವ ಬದುವಿನ ಮೇಲೆ ಕಾಲು ಇಳಿಬಿಟ್ಟು ಕೂತು ಉಣ್ಣುತ್ತಿದ್ದಳು. ತೊಡೆಯ ಮೇಲೆ ಗುದ್ದಲಿ ಅಡ್ಡ ಇತ್ತು.

"ಒಡಿರೋ ಅದನ್ನ" ಎಂದರು ಮಾವ.

"ಇಟ್ಟು ಉಂಡ್ಕಂಬುಡ್ತೀನಿ, ಇರಿ ಯಜಮಾನ್ರೇ. ಉಣ್ಣೋರ್ನ ಏಳುಸ್ಬಾರ್ದು."

ಅವಳ ಕೇರಿಯಲ್ಲಿ ಉಳಿದವರೆಲ್ಲ ಮಾವನನ್ನು ‘ಬುದ್ಧಿ’ ಅನ್ನುತ್ತಿದ್ದರು. ಅವಳೊಬ್ಬಳು ಮಾತ್ರ ಯಜಮಾನ್ರೇ ಅನ್ನುತ್ತಿದ್ದಳು.

"ನನ್ನ ಭತ್ತ ಕೊಳೀತಾ ಇದೆ ಕಣೇ!"

"ಕೊಳೀಲಿ. ನಂದು ವರ್ಸ ವರ್ಸಾನೂ ಕೊಳೀತಲ್ಲ, ಯಾರಾದ್ರೂ ಬಂದು ಕಣ್ಣಾಕಿ ನೋಡಿದ್ರಾ?"

"ನೀರು ತಗ್ಗಿಗೆ ಹರಿಯೋದು ದೇವರು ಮಾಡಿದ್ದು. ಅದಕ್ಕೆ ನಾನೇನು ಮಾಡ್ಲಿ?"

"ಔದು. ಕಾಲುವೆ ಮುಚ್ಚಿದ್ದು ಯಾವ ದ್ಯಾವ್ರು?"

ಮಾವನ ಮುಖ ಕಪ್ಪಿಟ್ಟಿತು. "ನಾಳೆಯಿಂದ ನಿಮ್ಮ ಕೇರಿಯವರು ಒಬ್ಬರೂ ನನ್ನ ಗದ್ದೆಗೆ ಕಾಲಿಡಬಾರದು. ಕೂಲಿ ಇಲ್ಲ."

ಅವಳು ಕೈ ತೊಳೆದುಕೊಂಡಳು. "ಅದನ್ನೇ ನಾವು ಏಳ್ಕಳುಸ್ಬೇಕು ಅಂತಿದ್ದೋ. ಈ ನೀರ್ನಲ್ಲಿ ನಿಂತು ಯಾರೂ ಕುಯ್ಯಕ್ಕಿಲ್ಲ. ಎಲ್ಲರೂ ಕುಡ್ಲು ಮನೇಲೆ ಮಡಗವ್ರೆ. ಕಾಲುವೆ ಬುಡಿ, ಕುಯ್ಯಕೆ ನಾನೇ ಮುಂದೆ ಬತ್ತೀನಿ."

ಆ ಇಬ್ಬರು ಆಳುಗಳೂ ಅವಳ ಕೇರಿಯವರೇ. ಒಬ್ಬನು ಗುದ್ದಲಿಯನ್ನು ನೆಲಕ್ಕಿಟ್ಟ. ಸ್ವಲ್ಪ ಹೊತ್ತಿಗೆ ಇನ್ನೊಬ್ಬನೂ ಇಟ್ಟ.

ಮೇಲಿನ ಏಳು ಮನೆಯವರಿಗೂ ಭಯ ಹತ್ತಿತು. ನಾಲೆ ಏರಿಯ ಹೊಂಗೆ ಮರದಡಿ ನ್ಯಾಯ ಸೇರುವುದೆಂದು ತೀರ್ಮಾನವಾಯಿತು. ಅದರ ಹಿಂದಿನ ದಿನ ನಾನು ಹಳ್ಳದಲ್ಲಿ ಬಟ್ಟೆ ಒಗೆದು ಬರುತ್ತಿದ್ದಾಗ ಅವಳು ದಾರಿಗೆ ಅಡ್ಡ ಬಂದಳು.

"ಸೋಸ್ಲೆ ಮಗಳೇ, ಒಂದು ಮಾತು. ನಿಮ್ಮ ಮಾವನ ಅಪ್ಪ ಪಟೇಲ್ರಾಗಿದ್ರಲ್ಲ, ನಿಮ್ಮನೇಲಿ ಊರಿನ ಅಳೇ ನಕ್ಷೆ ಅದೆ. ಸರ್ವೆಯೋರು ಸರಪಳಿ ಎಳ್ದಾಗ ಆ ತುದಿ ಇಡ್ಕಂಡಿದ್ದೋನು ನಮ್ಮಪ್ಪ. ಕಾಲುವೆ ಬರ್ದಿದ್ನ ಅವನೇ ನೋಡವ್ನೆ."

ದೀಪಾವಳಿಗೆ ಅಟ್ಟ ಒರೆಸುವಾಗ ಟ್ರಂಕಿನಲ್ಲಿ ಬಟ್ಟೆಗೆ ಅಂಟಿಸಿದ ಆ ನಕ್ಷೆಯನ್ನು ನಾನೇ ಬಿಚ್ಚಿ ನೋಡಿದ್ದೆ. ಬಯಲಿನ ಅಂಚಿಗೆ ಜೋಡಿ ಗೆರೆ ಇತ್ತು.

"ಕದ್ಕಂಡ್ ಬಾ ಅನ್ನಕ್ಕಿಲ್ಲ. ನಿನ್ನ ಸಂಸಾರಕ್ಕೆ ಕಲ್ಲಾಕಾಕೆ ನಾನು ಬಂದಿಲ್ಲ. ಕೇಳ್ದಾಗ ಸುಳ್ಳು ಏಳ್ಬ್ಯಾಡ, ಅಷ್ಟೇಯ." ಹೇಳಿ ದಾರಿ ಬಿಟ್ಟಳು.

ಮಾರನೆಯ ದಿನ ಹೊಂಗೆ ಮರದಡಿ ಗಂಡಸರು ಕೂತರು. ನಾವು ಹೆಂಗಸರು ಹಿಂದೆ ನಿಂತೆವು. ತಗ್ಗಿನವ್ವ ನಡುವೆ ಬಂದು ನಿಂತಳು.

"ಮೊದ್ಲು ನಂದು ಬರ್ಕಳಿ. ನನ್ನ ಅಂಚ್ನಲ್ಲಿ ನಾನೂ ಒಂದು ಗುದ್ಲಿ ಅಗಲ ತಿಂದಿವ್ನಿ. ಸುಳ್ಳೇಳಕ್ಕಿಲ್ಲ. ಅದನ್ನ ಇವತ್ತೇ ಬುಟ್ಟೆ. ಈಗ ನೀವು ನೀವು ತಿಂದಿದ್ನ ಏಳಿ."

ಮಾವ ಎದ್ದರು. "ಯಾವ ಕಾಲುವೆ? ಅಲ್ಲಿ ಕಾಲುವೆ ಯಾವತ್ತೂ ಇರಲಿಲ್ಲ. ಇದ್ದರೆ ನಕ್ಷೆ ತೋರಿಸಲಿ."

"ನಕ್ಷೆ ನಿಮ್ಮನೇಲೇ ಅದೆ ಯಜಮಾನ್ರೇ. ನಿಮ್ಮ ಸೊಸೇನೇ ಕೇಳಿ."

ಎಲ್ಲರೂ ಹಿಂದಕ್ಕೆ ತಿರುಗಿದರು. ನನ್ನ ಗಂಡ ತಲೆ ಬಗ್ಗಿಸಿ ನೆಲ ನೋಡುತ್ತಿದ್ದರು. ಅತ್ತೆ ನನ್ನ ಸೆರಗಿನ ತುದಿ ಹಿಡಿದು ಜಗ್ಗಿದರು. ಅವತ್ತಿನವರೆಗೆ ನಾನು ಮಾವನ ಎದುರು ಒಂದು ಪೂರ್ತಿ ವಾಕ್ಯ ಆಡಿದವಳಲ್ಲ.

"ಇದೆ" ಅಂದೆ. "ಅಟ್ಟದ ಟ್ರಂಕಿನಲ್ಲಿದೆ. ಕಾಲುವೆ ಬರೆದಿದೆ."

ಮಾವ ಬೈಯುತ್ತಾರೆ, ತವರಿಗೆ ಕಳಿಸುತ್ತಾರೆ ಅಂದುಕೊಂಡೆ. "ತಗೊಂಡು ಬಾ" ಅಂದರು. ಆಮೇಲೆ ಎರಡು ತಿಂಗಳು ಅವರು ನನ್ನೊಡನೆ ಮಾತಾಡಲಿಲ್ಲ. ಆದರೆ ನಕ್ಷೆಯನ್ನು ನಾನು ತಂದುಕೊಟ್ಟಾಗ ಟವೆಲ್ಲು ಹಾಸಿ ಅದರ ಮೇಲೆ ಬಿಚ್ಚಿಟ್ಟವರು ಅವರೇ. ಗೆರೆಯ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ಎಳೆದವರೂ ಅವರೇ.

ಅವರವರ ಅಂಚನ್ನು ಅವರವರು ತೋಡಿಕೊಳ್ಳಲಿ ಎಂದು ಒಬ್ಬರು ಸೂಚಿಸಿದರು. ತಗ್ಗಿನವ್ವ ಒಪ್ಪಲಿಲ್ಲ. "ಅಂಗೆ ಮಾಡುದ್ರೆ ಒಂದು ಕಡೆ ಆಳ, ಒಂದು ಕಡೆ ದಿಣ್ಣೆ. ಅಳ್ಳದಿಂದ ಸುರು ಮಾಡಿ ಎಲ್ಲರೂ ಒಟ್ಗೆ ಮ್ಯಾಕೆ ಓಗ್ಬೇಕು." ಮೊದಲು ತನ್ನ ಗದ್ದೆ ಸರಿ ಮಾಡಿಸಿಕೊಂಡು ಆಮೇಲೆ ಕೈಯೆತ್ತುತ್ತಾಳೆ ಎಂದು ಗೊಣಗಿದವರಿದ್ದರು.

ಒಂಬತ್ತು ಮನೆಯವರೂ ಇಳಿದೆವು. ಕೇರಿಯವರು, ಮೇಲಿನ ಬೀದಿಯವರು ಒಂದೇ ಸಾಲಿನಲ್ಲಿ ನಿಂತು ಮಣ್ಣಿನ ಬುಟ್ಟಿ ಸಾಗಿಸಿದ್ದು ನಮ್ಮ ಊರಿನಲ್ಲಿ ಅದೇ ಮೊದಲು. ಮೊದಲ ದಿನ ನಮ್ಮ ಕಡೆಯ ಹೆಂಗಸರು ಬುಟ್ಟಿಯನ್ನು ಕೈಯಿಂದ ಕೈಗೆ ಕೊಡದೆ ನೆಲಕ್ಕಿಟ್ಟು ಸರಿಯುತ್ತಿದ್ದರು. ತಗ್ಗಿನವ್ವ ಗುದ್ದಲಿ ನಿಲ್ಲಿಸಿ ಕೂಗಿದಳು: "ಅವ್ವಂದಿರಾ, ಮುಟ್ಟಿದ್ರೆ ಮುಟ್ಟಿ, ಬುಟ್ರೆ ಬುಡಿ. ಅದು ನಿಮ್ಮಿಷ್ಟ. ಆದ್ರೆ ಇಂಗೆ ಇಟ್ಟು ಎತ್ತಿ ಇಟ್ಟು ಎತ್ತಿ ಮಾಡುದ್ರೆ ಇನ್ನೊಂದು ಮಳೆ ಬಂದು ನಿಮ್ಮ ಭತ್ತ ಮೊಳ್ಕೆ ಒಡೀತದೆ!" ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಬುಟ್ಟಿ ಕೈಯಿಂದ ಕೈಗೆ ಹೋಗುತ್ತಿತ್ತು. ಮನಸ್ಸು ಬದಲಾಯಿತು ಅಂತ ಹೇಳಲಾರೆ. ಸೊಂಟ ನೋಯುತ್ತಿತ್ತು.

ಕಾಲುವೆ ನಮ್ಮ ಗದ್ದೆಯನ್ನು ಮುಟ್ಟಿದ ದಿನ ನಿಂತ ನೀರು ಗುಳುಗುಳು ಸದ್ದು ಮಾಡುತ್ತಾ ಇಳಿದು ಹೋಯಿತು. ಮಾವ ತೆಂಗಿನ ಸಸಿಗಳನ್ನು ತಾವೇ ಕೀಳಿಸಿದ್ದರು. ಕೊಯ್ಲಿಗೆ ಕೇರಿಯವರೆಲ್ಲ ಬಂದರು, ಮಾತು ಕೊಟ್ಟಂತೆ ಅವಳೇ ಮುಂದೆ. ಕೊಯ್ಲು ಮುಗಿದದ್ದೇ ಮತ್ತೆ ಗುದ್ದಲಿ ಹಿಡಿದಳು. ತನ್ನ ಕೆಲಸ ಎಂದೋ ಮುಗಿದಿದ್ದರೂ ನಾಲೆಯ ಬುಡ ಮುಟ್ಟುವವರೆಗೆ ಒಂದು ದಿನವೂ ತಪ್ಪಿಸಲಿಲ್ಲ. ಗೊಣಗಿದ್ದವರ ಅಂಚಿನಲ್ಲಿ ಇನ್ನೂ ಒಂದಡಿ ಆಳ ಹೆಚ್ಚು ತೋಡಿದಳು.

ಬದುವನ್ನು ಮಾತ್ರ ಒಡೆಯಲಿಲ್ಲ. ಇನ್ನು ಅದು ಯಾಕೆ ಎಂದು ಮಾವ ಕೇಳಿದ್ದಕ್ಕೆ, "ಇರ್ಲಿ ಯಜಮಾನ್ರೇ. ನೋಡ್ದಾಗೆಲ್ಲ ನೆಪ್ಪಾಗ್ಲಿ" ಅಂದಳು.

ಸೌಳು ಒಂದೇ ವರ್ಷಕ್ಕೆ ಹೋಗುವಂಥದ್ದಲ್ಲ. ಜಿಪ್ಸಂ ಹಾಕಿ, ಉಪ್ಪು ತೊಳೆದುಹೋಗಲೆಂದು ಮಳೆ ನೀರು ಕಟ್ಟಿ ಕಾಲುವೆಗೆ ಬಿಟ್ಟಳು. ಹಸಿರು ಗೊಬ್ಬರಕ್ಕೆ ಡಯಂಚ ಬಿತ್ತಿ ಹೂ ಬಿಡುವ ಮೊದಲೇ ತುಳಿಸಿದಳು. ಹೊಂಗೆ ಸೊಪ್ಪಿಗೆ ನಾವೂ ಮರ ಹತ್ತಿದೆವು, ಏಕೆಂದರೆ ಅಷ್ಟರಲ್ಲಿ ನಮ್ಮ ಗದ್ದೆಯ ಮೂಲೆಯಲ್ಲೂ ಬಿಳಿ ಏಳುವುದು ಕಾಣಿಸಿತ್ತು. ಮೂರನೆಯ ವರ್ಷ ಅವಳ ಭತ್ತ ತೆನೆ ತೂಗಿತು. ಅವತ್ತು ಮಣ್ಣು ನಾಲಿಗೆಗಿಟ್ಟು ನೋಡಿ ಉಗಿಯದೆ ನುಂಗಿದಳು. ನಾನು ಪಕ್ಕದಲ್ಲೇ ಇದ್ದೆ.

ವರ್ಷಕ್ಕೊಮ್ಮೆ ನಾಲೆಗೆ ನೀರು ಬಿಡುವ ಮೊದಲು ಒಂಬತ್ತು ಮನೆಯವರೂ ಕಾಲುವೆಯ ಹೂಳು ತೆಗೆಯಬೇಕು, ಆಳು ಕಳಿಸುವಂತಿಲ್ಲ, ಮನೆಯವರೇ ಬರಬೇಕು ಎಂಬ ಕಟ್ಟು ಮಾಡಿದಳು. ನೋಡಿಕೊಂಡು ಪಕ್ಕದ ಊರಿನವರೂ ತಮ್ಮ ಬಯಲಿನಲ್ಲಿ ತೋಡಿದರು. ಎರಡು ಸಾವಿರದ ಇಸವಿಯ ಈಚೆಗೆ ಒಂದು ದಿನ ಜೀಪು ಬಂತು. ಯಾವುದೋ ಯೋಜನೆಯ ಹೆಸರು ಬರೆದ ಬೋರ್ಡನ್ನು ನಮ್ಮ ಕಾಲುವೆಯ ತಲೆಯಲ್ಲಿ ನೆಟ್ಟು ಫೋಟೋ ಹಿಡಿಯತೊಡಗಿದರು. ತಗ್ಗಿನವ್ವ ಹೋಗಿ ಬೋರ್ಡಿನ ಮುಂದೆ ನಿಂತಳು.

"ಏನು ಬರ್ದದೆ ಸಾ, ಓದಿ."

ಅವರು ಓದಿದರು.

"ನಮ್ಮೆಸರು ಎಲ್ಲದೆ?"

"ಸ್ವಲ್ಪ ಸರಿಯಮ್ಮ, ಫೋಟೋಗೆ ಅಡ್ಡ ಬರ್ತಿದೀಯ."

"ಅಡ್ಡ ಬರಾಕೇ ಬಂದಿವ್ನಿ. ಒಂಬತ್ತು ಮನೆಯೋರು ತೋಡುದ್ರು ಅಂತ ಬರ್ಯೋಗಂಟ ಸರಿಯಕ್ಕಿಲ್ಲ."

ನಮ್ಮ ಮಾವನೂ ಅಲ್ಲೇ ಇದ್ದರು. ಹೋಗಿ ಅವಳಿಂದ ನಾಲ್ಕು ಮಾರು ಆಚೆ ನಿಂತರು. ಆ ಫೋಟೋದಲ್ಲಿ ಅವರೂ ಅಡ್ಡವೇ ಬಂದಿರಬೇಕು. ಜೀಪಿನವರು ಬೋರ್ಡು ಕಿತ್ತುಕೊಂಡು ಹೋದರು.

ಅವಳು ತೀರಿಕೊಂಡದ್ದು ಅದಾಗಿ ಕೆಲವು ವರ್ಷಗಳ ಮೇಲೆ, ಒಂದು ಬೇಸಗೆಯಲ್ಲಿ. ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದೆ ಮಲಗಿಬಿಟ್ಟಿದ್ದಳು. ನೋಡಲು ಹೋದಾಗ ಕೈ ಹಿಡಿದುಕೊಂಡು, "ನನ್ನ ಮಣ್ಣಿಗೆ ಬತ್ತೀಯಾ ಸೋಸ್ಲೆ ಮಗಳೇ?" ಅಂದಳು. ಬರುತ್ತೇನೆ ಅಂದೆ. "ದೂರ ನಿಂತ್ಕಂಡು ನೋಡಾಕಾದ್ರೆ ಬರ್ಬ್ಯಾಡ" ಅಂದಳು.

ಗದ್ದೆಯ ಮೂಲೆಯಲ್ಲೇ ಗುಂಡಿ ತೋಡಿದ್ದರು. ಪಕ್ಕದ ಊರಿನವರೂ ಬಂದಿದ್ದರು. ಮೇಲಿನ ಬೀದಿಯ ಗಂಡಸರು ನಾಲೆ ಏರಿಯ ಮೇಲೆ ನಿಂತಿದ್ದರು. ನಾನು ಕೆಳಗಿಳಿದು, ಅವಳ ಮಗಳ ಪಕ್ಕಕ್ಕೆ ಹೋಗಿ, ಮೂರು ಹಿಡಿ ಮಣ್ಣು ಹಾಕಿದೆ.

ಮನೆಗೆ ಬಂದಾಗ ಮಾವ ಜಗಲಿಯಲ್ಲಿ ಕೂತಿದ್ದರು. ಮುಪ್ಪಿನಿಂದ ಅವರಿಗೆ ಬಯಲಿಗೆ ನಡೆಯಲು ಆಗುತ್ತಿರಲಿಲ್ಲ. ಸುದ್ದಿ ನನಗಿಂತ ಮೊದಲೇ ಬಂದಿತ್ತು. ನನ್ನ ಕೈ ನೋಡಿದರು.

"ಆ ಕೇರಿಯವರ ಮಣ್ಣಿಗೆ ಹೋಗಿ ಬಂದಿದೀಯ. ಹಿತ್ತಲಿಂದ ಹೋಗಿ ಸ್ನಾನ ಮಾಡಿ ಒಳಗೆ ಬಾ."

"ಲಿಂಗ ಕಟ್ಟಿಕೊಂಡವರಿಗೆ ಸೂತಕ ಇಲ್ಲ ಅಂತ ನೀವೇ ಅಲ್ಲವಾ ಮಾವ ನನಗೆ ಹೇಳಿಕೊಟ್ಟಿದ್ದು?" ಅಂದೆ.

ಅವರು ಹೊಸ್ತಿಲಿಗೆ ಅಡ್ಡ ಚಾಚಿದ್ದ ಕಾಲನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು. ನಾನು ಮುಂಬಾಗಿಲಿನಿಂದಲೇ ಒಳಗೆ ಹೋದೆ. ಮಾವನಿಗೆ ಹಾಗೆ ಎದುರಾಡುವ ಮಾತು ನಾನು ತವರಿನಿಂದ ತಂದದ್ದಲ್ಲ.