ನೆಟ್ಟಗಣ್ಣನ ಏಳು ಕಂಬ

ಕಾರ್ಬನ್ ಸೈಕಲ್ ಕೊಳ್ಳಲು ಬಂದವನು ಮೊದಲು ಮಾಡುವ ಕೆಲಸ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡುವುದು. ಏಳು ಕೆಜಿಯೂ ಇರದ ಗಾಡಿ ಸರಕ್ಕನೆ ಮೇಲೆ ಬರುತ್ತದೆ, ಅದರ ಜೊತೆಗೆ ಅವನ ಹುಬ್ಬೂ ಏರುತ್ತದೆ. ‘ನೋಡೇ, ಹೂವಿನ ಹಾಗಿದೆ’ ಎಂದು ಹೆಂಡತಿಯ ಕಡೆ ತಿರುಗುತ್ತಾನೆ. ಹೆಂಡತಿ ಬೆಲೆಯ ಚೀಟಿ ನೋಡಿ, ಇದೊಂದು ಹಗುರವಾಗಿಲ್ಲವಲ್ಲ ಎಂಬಂತೆ ನನ್ನ ಮುಖ ನೋಡುತ್ತಾಳೆ. ತೂಕ ನೋಡಿ ಕುಂಬಳಕಾಯಿ ಕೊಳ್ಳಬಹುದು, ಸೈಕಲ್ ಕೊಳ್ಳಬಾರದು. ಮೂವತ್ತು ವರ್ಷ ಸೈಕಲ್ ಮಾರಿದ ನನಗೆ ಇದು ಗೊತ್ತು. ಗಿರಾಕಿಗೆ ಹೇಳುವುದಿಲ್ಲ ಅಷ್ಟೆ. ಎತ್ತಿದವನು ಅರ್ಧ ಕೊಂಡ ಹಾಗೆ.

ಉಳಿದರ್ಧ ಕೊಡಿಸುತ್ತಿದ್ದವನು ನೆಟ್ಟಗಣ್ಣ, ನನ್ನ ಅಂಗಡಿಯ ಮೆಕ್ಯಾನಿಕ್ಕು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದು ಯಾರಿಗೂ ಬೇಕಾಗಿರಲಿಲ್ಲ. ಅಂಗಡಿಯ ಹಿಂದೆ ಗೋದಾಮಿನ ಗೋಡೆಗುಂಟ ದಾರ ಹಿಡಿದು ಎಳೆದಂಥ ಒಂದು ರಸ್ತೆ. ಅದರ ಬದಿಗೆ ಏಳು ದೀಪದ ಕಂಬ, ಅಂಚಿಗೆ ಬಿಳಿ ಗೆರೆ. ಹೊಸ ಗಾಡಿ ಜೋಡಿಸಿದ ಕೂಡಲೇ ಅದನ್ನು ಅಲ್ಲಿಗೆ ಒಯ್ಯುವನು. ಮೊದಲ ಕಂಬದ ಹತ್ತಿರ ಎರಡೂ ಕೈ ಬಿಟ್ಟು, ತೊಡೆಯ ಮೇಲೆ ಇಟ್ಟುಕೊಂಡು, ಬಿಳಿ ಗೆರೆಯ ಪಕ್ಕಕ್ಕೇ ಏಳನೆಯ ಕಂಬದವರೆಗೆ ಹೋಗುವನು. ತಿರುಗಿ ಬಂದು ಇಳಿದು ಒಂದೇ ಮಾತು: ‘ನೆಟ್ಟಗಿದೆ.’ ಆ ಮಾತು ಬರುವವರೆಗೆ ಗಾಡಿ ಗಿರಾಕಿಯ ಕೈಗೆ ಹೋಗುತ್ತಿರಲಿಲ್ಲ. ‘ನೆಟ್ಟಗಿಲ್ಲ’ ಎಂದರೆ ಗಿರಾಕಿ ಬೂಟು ಕಟ್ಟಿಕೊಂಡು ನಿಂತಿದ್ದರೂ ಗಾಡಿ ಮತ್ತೆ ಸ್ಟ್ಯಾಂಡಿಗೆ ಏರುತ್ತಿತ್ತು. ಎಷ್ಟೋ ಸಲ ನಾನು ಹಲ್ಲು ಕಡಿದಿದ್ದೇನೆ. ಆದರೆ ಅವನು ಸರಿ ಎಂದ ಗಾಡಿ ಒಂದೂ ದೂರು ಹೊತ್ತು ವಾಪಸ್ ಬಂದದ್ದಿಲ್ಲ.

‘ಇದರ ಮೇಲೆ ಕೂತ್ರೆ ಹೇಗಿರುತ್ತಣ್ಣಾ?’ ಎಂದು ಕೇಳಿದವರಿಗೆ ಅವನ ಬಳಿ ಸಿದ್ಧ ಉತ್ತರವಿತ್ತು.

‘ಬೇರೆ ಸೈಕಲ್ಲಿಗೆ ತಿರುಗು ಅಂತ ಹೇಳ್ಬೇಕು. ಇದಕ್ಕೆ ತಿರುಗೋಣ್ವಾ ಅಂತ ಮನಸ್ಸಲ್ಲಿ ಅಂದ್ಕೊಂಡ್ರೆ ಸಾಕು, ತಿರುಗಿರುತ್ತೆ. ಇಳಿಜಾರಲ್ಲಿ ಗುಂಡಿ ನೋಡ್ಬೇಡಿ, ನೋಡಿದ್ರೆ ಅಲ್ಲಿಗೇ ಕರ್ಕೊಂಡು ಹೋಗುತ್ತೆ. ಹೋಗ್ಬೇಕಾದ ಕಡೆ ನೋಡಿ. ಏರಲ್ಲಿ ಎದ್ದು ನಿಂತು ಪೆಡಲ್ ತುಳಿದ್ರೆ ಒಂದು ತುಳಿತಾನೂ ತಿನ್ನಲ್ಲ, ಅಷ್ಟನ್ನೂ ಚಕ್ರಕ್ಕೆ ಕೊಡುತ್ತೆ.’

‘ಹಾಗಾದ್ರೆ ಕಷ್ಟ ಏನೂ ಇಲ್ಲ ಅನ್ನಿ.’

‘ಇದೆ. ಉಕ್ಕಿನ ಸೈಕಲ್ಲು ತಾಯಿ ಇದ್ದ ಹಾಗೆ. ಮಗ ತೂರಾಡ್ಕೊಂಡು ಬಂದ್ರೂ ಸೆರಗು ಮುಚ್ಚಿ ಒಳಗೆ ಕರ್ಕೊಳ್ಳುತ್ತೆ. ಇದು ನಾದಿನಿ. ನೀವು ಒಂದು ಬೆರಳು ಜರುಗಿ ಕೂತ್ರೂ ಬೀದಿಗೆಲ್ಲ ಸಾರಿಬಿಡುತ್ತೆ.’

ಜನ ನಗುತ್ತಿದ್ದರು, ಕೊಳ್ಳುತ್ತಿದ್ದರು.

ಹೋದ ವರ್ಷ ಒಂದು ಬೆಳಿಗ್ಗೆ ಕೆಂಪು ಗಾಡಿಯೊಂದನ್ನು ಏಳು ಕಂಬ ಓಡಿಸಿ ಬಂದು, ‘ನೆಟ್ಟಗಿಲ್ಲ ಯಜಮಾನ್ರೇ, ಎಡಕ್ಕೆ ಎಳೀತಿದೆ’ ಎಂದ. ಚಕ್ರ ಬಿಚ್ಚಿ ನೋಡಿದ, ಬೇರಿಂಗ್ ನೋಡಿದ. ಹಿಂದಿನ ಅಚ್ಚಿನಿಂದ ಹ್ಯಾಂಡಲಿನ ಕತ್ತು ಬಳಸಿ ದಾರ ಬಿಗಿದು ಎರಡೂ ಬದಿ ಅಳೆದ. ಕೂದಲೆಳೆಯ ವ್ಯತ್ಯಾಸವಿಲ್ಲ. ಆದರೂ ಎಳೆಯುತ್ತದೆ ಎಂದ. ಅವನ ಮಾತಿನ ಮೇಲೆ ನಾನು ಗಾಡಿಯನ್ನು ಪೆಟ್ಟಿಗೆಗೆ ಹಾಕಿ ಕಂಪನಿಗೆ ವಾಪಸ್ ಕಳಿಸಿದೆ. ಅವರು ಗೊಣಗದೆ ಇನ್ನೊಂದು ಕಳಿಸಿದರು. ಎರಡು ತಿಂಗಳ ಮೇಲೆ ಬಂದ ಆ ಗಾಡಿಯೂ ಎಡಕ್ಕೇ ಎಳೆಯಿತು. ಅದೂ ಪೆಟ್ಟಿಗೆ ಸೇರಿತು. ಆ ನಡುವೆ ಬೇರೆ ಕಾರ್ಬನ್ ಗಾಡಿ ಬಂದಿರಲಿಲ್ಲ.

‘ಏನಯ್ಯಾ, ಆ ಕಂಪನೀಲಿ ಎಲ್ಲರೂ ಎಡಗೈನವರೇನೋ?’ ಎಂದೆ. ಆಗ ಇಬ್ಬರೂ ನಕ್ಕೆವು.

ಮೂರನೆಯದೂ ಎಳೆದಾಗ ಕಂಪನಿಯಿಂದ ಬಂದ ಕಾಗದದಲ್ಲಿ ನಗುವಂಥದ್ದೇನೂ ಇರಲಿಲ್ಲ. ನೀವು ಪರೀಕ್ಷೆ ಮಾಡುವ ಕ್ರಮವನ್ನೇ ಒಮ್ಮೆ ಪರೀಕ್ಷಿಸಿ ನೋಡಿ ಎಂದು ಬರೆದಿದ್ದರು. ನಾನು ಅದನ್ನು ಗಿರಾಕಿಗಳ ಎದುರೇ ಗಟ್ಟಿಯಾಗಿ ಓದಿ, ‘ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ’ ಎಂದು ಬಾಲ ಸೇರಿಸಿದೆ. ಎಲ್ಲರೂ ನಕ್ಕರು. ನೆಟ್ಟಗಣ್ಣ ನಗಲಿಲ್ಲ. ಸಾಮಾನು ಸಾಗಿಸುವ ನಮ್ಮ ಹಳೆಯ ಉಕ್ಕಿನ ಸೈಕಲ್ಲು ಹತ್ತಿ, ಹಿಂದೆ ಟೈರಿನ ಕಟ್ಟು ಇರುವಂತೆಯೇ, ಕೈಬಿಟ್ಟು ಏಳು ಕಂಬವನ್ನೂ ದಾಟಿ ತೋರಿಸಿದ.

‘ನಾನು ಡೊಂಕಾಗಿದ್ರೆ ಇದೂ ಡೊಂಕು ಹೋಗ್ಬೇಕಲ್ವಾ ಯಜಮಾನ್ರೇ?’

ಇದಕ್ಕೆ ಉತ್ತರವನ್ನು ಅವನೇ ಇಪ್ಪತ್ತು ವರ್ಷದಿಂದ ಗಿರಾಕಿಗಳಿಗೆ ಹೇಳುತ್ತ ಬಂದಿದ್ದ. ತಾಯಿ ಮುಚ್ಚಿಡುತ್ತಾಳೆ, ನಾದಿನಿ ಸಾರುತ್ತಾಳೆ. ಆ ಹೊತ್ತಿನಲ್ಲಿ ಅದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಆ ಮೂರನೆಯ ಗಾಡಿಗೆ ಕಾದಿದ್ದವಳು ಒಬ್ಬ ಗಣಿತದ ಟೀಚರು. ಭಾನುವಾರ ರೇಸಿಗೆ ಹೋಗುವವಳು. ಸಂಜೆ ಶಾಲೆ ಬಿಟ್ಟ ಮೇಲೆ ನೇರ ಅಂಗಡಿಗೆ ಬಂದಳು.

‘ಎಳೀತಿದೆ ಎಳೀತಿದೆ ಅಂತ ನೀವೇ ದಿನ ಎಳೀತಿದ್ದೀರಲ್ಲಣ್ಣಾ. ನಾನೇ ಒಂದ್ಸಲ ನೋಡ್ಲಾ?’

‘ನೋಡಿ ಟೀಚರಮ್ಮ. ಕೈ ಬಿಟ್ಟಾಗ ಹುಷಾರು.’

ಮೊದಲ ಕಂಬದ ಬುಡದಲ್ಲಿ ಗೋದಾಮಿನ ನಲ್ಲಿ ಸೋರಿ ಸದಾ ಒಂದು ಚೂರು ನೀರು ನಿಂತಿರುತ್ತದೆ. ಅವಳು ಅದನ್ನು ತುಳಿದುಕೊಂಡು ಹೋದಳು. ಕೈಬಿಟ್ಟಳು. ಒದ್ದೆ ಟೈರು ಒಣಗಿದ ರಸ್ತೆಯ ಮೇಲೆ ಗೆರೆ ಎಳೆಯುತ್ತಾ ಹೋಯಿತು. ಸ್ಕೇಲು ಇಟ್ಟು ಎಳೆದಂಥ ಗೆರೆ. ‘ನೆಟ್ಟಗಿದೆಯಲ್ಲಣ್ಣಾ!’ ಎಂದು ಆ ತುದಿಯಿಂದಲೇ ಕೂಗಿದಳು. ಪಾಪ, ಖುಷಿಯಿಂದ ಕೂಗಿದಳು.

ನೆಟ್ಟಗಣ್ಣ ಗಾಡಿ ಈಸಿಕೊಂಡ. ಅದೇ ನೀರು ತುಳಿದ, ಅದೇ ಜಾಗದಲ್ಲಿ ಕೈಬಿಟ್ಟ. ಮೂರನೆಯ ಕಂಬ ಮುಟ್ಟುವುದರೊಳಗೆ ಅವನ ಗೆರೆ ಅವಳ ಗೆರೆಯನ್ನು ಬಿಟ್ಟು ಎಡಕ್ಕೆ ಸರಿದಿತ್ತು. ಹಿಂದೆ ನಿಂತಿದ್ದ ನನಗೆ ಇನ್ನೊಂದೂ ಕಂಡಿತು. ಎಡ ಭುಜ ಕೆಳಗೆ ಜಗ್ಗಿತ್ತು. ಎಡ ಮೊಣಕಾಲು ಪ್ರತಿ ಸುತ್ತಿಗೂ ಹೊರಗೆ ಹೋಗಿ ಬರುತ್ತಿತ್ತು. ಇಷ್ಟು ದಿನ ನಾನು ಗಾಡಿಯನ್ನೇ ನೋಡುತ್ತಿದ್ದೆ, ಅದರ ಮೇಲೆ ಕೂತವನನ್ನು ನೋಡಿರಲಿಲ್ಲ.

ಇಳಿದು ಬಂದು ಎರಡು ಗೆರೆಗಳ ನಡುವೆ ನಿಂತ. ಅವು ಒಣಗುವವರೆಗೂ ನೋಡಿದ.

‘ಗಾಳಿ ಇತ್ತು ಅಣ್ಣಾ’ ಎಂದಳು ಟೀಚರು. ಅವಳ ದನಿ ಇಳಿದಿತ್ತು.

‘ಗಾಳಿ ಇರ್ಲಿಲ್ಲ ಟೀಚರಮ್ಮ.’ ಹ್ಯಾಂಡಲ್ಲನ್ನು ಅವಳ ಕೈಗೆ ಕೊಟ್ಟ. ‘ನೆಟ್ಟಗಿದೆ. ತಗೊಂಡ್ಹೋಗಿ.’

ಮಾರನೆಯ ದಿನ ನಾನು ಎರಡು ಬೀದಿ ಆಚೆ ಅವನ ಹೆಂಡತಿಯ ಅಂಗಡಿಗೆ ಹೋದೆ. ಬಟ್ಟೆ ಬಿಗಿ ಮಾಡುವುದು, ಸಡಿಲ ಮಾಡುವುದು ಅವಳ ಕಸುಬು. ಸಡಿಲ ಮಾಡಿಸಲು ಒಂದು ಪ್ಯಾಂಟು ಒಯ್ದಿದ್ದೆ. ನನ್ನ ಸೊಂಟ ಯಾವ ಕಾಲಕ್ಕೂ ಒಂದು ನೆಪ ಒದಗಿಸುತ್ತದೆ. ಅವಳು ಮೆಷೀನಿನಿಂದ ತಲೆ ಎತ್ತಲಿಲ್ಲ. ಮುಂದೆ ನೆಟ್ಟಗಣ್ಣನ ನೀಲಿ ಅಂಗಿ ಇತ್ತು.

‘ಅದೇನಮ್ಮಾ, ಹೊಸ ಅಂಗಿಗೇ ರಿಪೇರಿ?’

‘ಮೇಲಿನ ಗುಂಡಿ ಹಾಗೇ ಬಿಟ್ಟು ಒಳಗೆ ಒತ್ತಿದ್ರೆ ಕೂಡ್ಕೊಳ್ಳೋ ಟಿಚ್ ಬಟನ್ ಹೊಲೀತಿದ್ದೀನಿ ಅಣ್ಣಾ. ನೋಡಿದವರಿಗೆ ಗುಂಡಿ ಹಾಕ್ಕೊಂಡ ಹಾಗೇ ಕಾಣುತ್ತೆ. ಅವರ ಎಡಗೈಗೆ ಗುಂಡಿ ಹಿಡಿಯಕ್ಕಾಗಲ್ಲ.’

‘ಎಷ್ಟು ದಿನದಿಂದ?’

‘ಇದು ಏಳನೇ ಅಂಗಿ. ಅಂಗಡಿ ಯಜಮಾನ್ರಿಗೆ ಹೇಳಿದ್ರೆ ನನ್ನಾಣೆ ಅಂತ ಆಣೆ ಹಾಕಿದ್ರು. ಈಗ ನೀವೇ ಬಂದಿದ್ದೀರಿ, ನಾನು ಹೇಳಿದ ಹಾಗಾಗಲ್ಲ.’ ದಾರವನ್ನು ಹಲ್ಲಲ್ಲಿ ಕಡಿದಳು. ‘ಅವರ ಮೈ ನೆಟ್ಟಗಿಲ್ಲ ಅಣ್ಣಾ. ಡಾಕ್ಟರ ಹತ್ರ ಹೋಗಣ ಬನ್ನಿ ಅಂದ್ರೆ, ಅಂಗಡೀಲಿ ಬಂದ ಗಾಡಿಗಳು ಒಂದೂ ಸರಿಯಿಲ್ಲ ಕಣೇ, ಅದೊಂದು ಮುಗೀಲಿ ಅಂತಾರೆ.’

ಪ್ಯಾಂಟನ್ನು ಅಲ್ಲೇ ಇಟ್ಟು ಬಂದೆ. ಎಷ್ಟು ಸಡಿಲ ಮಾಡಬೇಕು ಎಂದು ಅವಳೂ ಕೇಳಲಿಲ್ಲ.

ಕೊನೆಗೂ ಒಪ್ಪಿ ಹೋದಾಗ ನರದ ಡಾಕ್ಟರು ಅವನನ್ನು ನೆಲದ ಟೈಲ್ಸಿನ ಗೆರೆಯ ಮೇಲೆ ನಡೆಸಿದರಂತೆ. ‘ಅಲ್ಲೂ ಗೆರೇನೇ ಯಜಮಾನ್ರೇ’ ಎಂದು ಬಂದು ಹೇಳಿದ. ಎಡಗಡೆ ಶುರುವಾದದ್ದು ಬಲಗಡೆಗೂ ಬರುತ್ತದೆ, ಮಾತ್ರೆ ಅದನ್ನು ಹತೋಟಿಯಲ್ಲಿಡುತ್ತದೆ, ವಾಸಿ ಮಾಡುವುದಿಲ್ಲ. ಇನ್ನು ಮೇಲೆ ಸೈಕಲ್ ಬೇಡ ಅಂದಿದ್ದರು. ಮೊದಲು ಗೊತ್ತಾದದ್ದು ಯಾವಾಗ ಎಂದು ಕೇಳಿದ್ದಕ್ಕೆ, ಆ ಕೆಂಪು ಗಾಡಿ ಬಂದ ದಿನವನ್ನು ಹೇಳಿದನಂತೆ. ಅಲ್ಲಿಗೆ ಆರು ತಿಂಗಳಾಗಿತ್ತು. ಆ ಗಾಡಿ ಮೊದಲನೆಯ ದಿನವೇ ಹೇಳಿತ್ತು. ನಾನು ಅದನ್ನು ಪೆಟ್ಟಿಗೆಗೆ ಹಾಕಿ, ಮೇಲೆ ಟೇಪು ಸುತ್ತಿ, ವಾಪಸ್ ಕಳಿಸಿದ್ದೆ.

ಗಾಡಿ ಪರೀಕ್ಷೆಗೆ ಶನಿವಾರ ಟೀಚರು ಬರತೊಡಗಿದಳು. ನೆಟ್ಟಗಣ್ಣ ನಾಲ್ಕನೆಯ ಕಂಬದ ಕೆಳಗೆ ಖಾಲಿ ಡಬ್ಬದ ಮೇಲೆ ಕೂತು ನೋಡುವನು. ಅವಳು ಇಳಿದು ‘ಏನಣ್ಣಾ?’ ಎಂದರೆ, ‘ಓಡಿಸಿದವರು ನೀವು, ನೀವೇ ಹೇಳ್ಬೇಕು’ ಎನ್ನುವನು. ‘ಚೆನ್ನಾಗಿದೆ’ ಎನ್ನುವಳು ಅವಳು. ಅವನೆದುರು ‘ನೆಟ್ಟಗಿದೆ’ ಎಂಬ ಅವನ ಮಾತನ್ನು ಆಡಲು ಅವಳಿಗೆ ಬಾಯಿ ಬರಲಿಲ್ಲ. ಹೀಗೆ ಆ ಮಾತು ಅಂಗಡಿಯಿಂದಲೇ ಹೋಯಿತು.

ಮೂರು ತಿಂಗಳಾದ ಮೇಲೆ ಬೆಳ್ಳಿ ಬಣ್ಣದ ಗಾಡಿಯೊಂದು ಬಂತು. ನೆಟ್ಟಗಣ್ಣ ಬಹಳ ಹೊತ್ತು ಅದರ ಮೇಲೆ ಕೈಯಾಡಿಸಿ, ‘ಒಂದೇ ಒಂದ್ಸಲ ಯಜಮಾನ್ರೇ’ ಎಂದ. ‘ಡಾಕ್ಟರಿಗೆ ಹೇಳ್ಬೇಡಿ. ಮನೇಲಿ ಇವಳಿಗೆ ನಾನೇ ಹೇಳ್ತೀನಿ.’

ವ್ಯಾಪಾರದಲ್ಲಿ ನಾನು ಆಡಿದ ಸುಳ್ಳಿಗೆ ಲೆಕ್ಕವಿಲ್ಲ. ಇನ್ನೊಂದು ಆಗಲಿ, ಅದೂ ಒಳ್ಳೆಯದಕ್ಕೆ ಅನ್ನಿಸಿತು. ಅವನು ಊಟಕ್ಕೆ ಹೋದಾಗ ಮುಂದಿನ ಚಕ್ರ ಸಡಿಲಿಸಿ, ಅಚ್ಚಿನ ಒಂದು ತುದಿಗೆ ಕಾಗದದಷ್ಟು ತೆಳುವಾದ ತಗಡಿನ ಚೂರು ಸಿಕ್ಕಿಸಿ ಬಿಗಿದೆ. ಚಕ್ರ ಕಣ್ಣಿಗೆ ಕಾಣದಷ್ಟು ಬಲಕ್ಕೆ ವಾಲಿತು. ಅವನು ಎಡಕ್ಕೆ ಎಳೆದರೆ ಇದು ಬಲಕ್ಕೆ ಎಳೆಯಲಿ ಎಂಬುದು ನನ್ನ ಜಾಣತನ.

ಅವನ ಹೆಂಡತಿ ಬಂದು ಮೊದಲ ಕಂಬದ ಹತ್ತಿರ ನಿಂತಳು. ‘ರೀ, ಬಿದ್ದೀರ’ ಎಂದಳು. ‘ಬಿದ್ರೆ ನೀನೇ ಹೊಲಿಗೆ ಹಾಕು’ ಎಂದು ಹತ್ತಿದ.

ಕೈಬಿಟ್ಟ. ಎರಡನೆಯ ಕಂಬ ದಾಟಿದ, ಮೂರನೆಯದು ದಾಟಿದ. ಬಿಳಿ ಗೆರೆಯ ಪಕ್ಕದಿಂದ ಒಂದು ಬೆರಳೂ ಸರಿಯದೆ ಏಳನೆಯ ಕಂಬದವರೆಗೆ ಹೋದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಹಲ್ಲು ಕಿರಿದುಕೊಂಡು ನಿಂತಿದ್ದೆ.

ಅವನು ತಿರುಗಿ ಬಂದು ನಿಧಾನವಾಗಿ ಇಳಿದ.

‘ನೆಟ್ಟಗೆ ಹೋಯ್ತು ಅಲ್ವಾ ಯಜಮಾನ್ರೇ?’

‘ಹೋಯ್ತು ಕಣಯ್ಯಾ! ದಾರ ಎಳೆದ ಹಾಗೆ!’

‘ನನ್ನ ಕೆಳಗೆ ನೆಟ್ಟಗೆ ಹೋಯ್ತು ಅಂದ್ರೆ ಗಾಡಿ ಡೊಂಕಿದೆ.’

ನೆಲಕ್ಕೆ ಕೂತು ಮುಂದಿನ ಚಕ್ರ ಸಡಿಲಿಸಿದ. ತಗಡಿನ ಚೂರು ಟಣ್ಣೆಂದು ಬಿತ್ತು. ಅದನ್ನು ಎತ್ತಿಕೊಳ್ಳಲು ಎಡಗೈ ಎರಡು ಸಲ ಸೋತಿತು. ಬಲಗೈಯಿಂದ ಎತ್ತಿ ನನ್ನ ಅಂಗೈಯಲ್ಲಿ ಇಟ್ಟ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

‘ನೆಟ್ಟಗಿಲ್ಲ. ಗಿರಾಕಿಗೆ ಹೀಗೆ ಕೊಡ್ಬೇಡಿ. ಬನ್ನಿ, ಈ ಕಡೆ ಹಿಡ್ಕೊಳಿ.’

ನಾನು ಮುಂದಿನ ಚಕ್ರದ ಫೋರ್ಕ್ ಹಿಡಿದೆ. ಅವನು ಬಲಗೈಯಲ್ಲಿ ಬಿಗಿದ, ಚಕ್ರ ತಿರುಗಿಸಿ ನೋಡಿದ, ಮತ್ತೊಂದಿಷ್ಟು ಬಿಗಿದ. ಗಾಳಿಗೋ ಬಗ್ಗಿದ್ದಕ್ಕೋ ಅವನ ಅಂಗಿ ಎದೆಯ ಹತ್ತಿರ ತೆರೆದುಕೊಂಡಿತ್ತು. ಹೆಂಡತಿ ಬಂದು ಅವನೆದುರು ಕುಕ್ಕರುಗಾಲಿನಲ್ಲಿ ಕೂತು, ಎರಡು ಬೆರಳಲ್ಲಿ ಅಲ್ಲಿ ಒತ್ತಿದಳು. ಟಿಚ್ ಎಂದಿತು.